ಎಂಜಿನ್ ಆಯಿಲ್ ಬದಲಾವಣೆ, ಶೋರೂಂ ಸರ್ವಿಸ್: ಮಲೆನಾಡಿನ ವಾಹನದವರು ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಎಷ್ಟೋ ಮನೆಗಳಿಗೆ ಕಾರಿನ ಕಂಪನಿ ಸರ್ವಿಸ್ ಎಂದರೆ ಶಿವಮೊಗ್ಗಕ್ಕೆ ಹೋಗಿಬರುವ ಒಂದು ದಿನದ ಕೆಲಸ. ಹೋಗಿಬರಲು 120ರಿಂದ 150 ಕಿಲೋಮೀಟರ್ ಆಗುತ್ತದೆ. ಹಳೇ ಆಯಿಲ್ ಇಳಿಸುವ ಡ್ರೈನ್ ಬೋಲ್ಟ್ ಸಡಿಲ ಬಿಟ್ಟಿದ್ದು ಮನೆ ಅಂಗಳದಲ್ಲಿ ಗೊತ್ತಾದರೆ ಆಗಲೇ ತಡವಾಗಿರುತ್ತದೆ. ಕೆಳಗಿನ ಉತ್ತರಗಳನ್ನು ಈ ದೂರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದೆ.

ಕಂಪನಿಯವರು 10,000 ಕಿ.ಮೀ. ಅಥವಾ ಒಂದು ವರ್ಷ ಅನ್ನುತ್ತಾರೆ. ನಮ್ಮ ಕಡೆಗೂ ಅದೇ ಲೆಕ್ಕವೇ?

ಬಹಳ ಜನರಿಗೆ ಅಲ್ಲ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಸರ್ವಿಸ್ ಪಟ್ಟಿಯ ಪಕ್ಕದಲ್ಲೋ ಕೆಳಗೋ "ಕಠಿಣ ಬಳಕೆ"ಯ ಪಟ್ಟಿ ಇನ್ನೊಂದಿರುತ್ತದೆ. ಸ್ವಲ್ಪ ಸ್ವಲ್ಪ ದೂರದ ಓಡಾಟ, ಧೂಳು, ಕೆಸರು, ಗುಡ್ಡದ ರಸ್ತೆ, ಭಾರ ಎಳೆಯುವುದು ಎಲ್ಲ ಅದರಲ್ಲಿ ಬರುತ್ತದೆ. ಓದಿದರೆ ಮಲೆನಾಡಿನ ವರ್ಣನೆಯಂತೆಯೇ ಇರುತ್ತದೆ. ಅಲ್ಲಿ ಆಯಿಲ್‌ನ ಅವಧಿ ಸಾಮಾನ್ಯವಾಗಿ ಅರ್ಧಕ್ಕೆ ಇಳಿದಿರುತ್ತದೆ, ಅಂದರೆ 5,000 ಕಿ.ಮೀ. ಅಥವಾ 6 ತಿಂಗಳು.

ಕಾರಣ ಇಷ್ಟೆ. ಮನೆಯಿಂದ ಡೇರಿಗೆ, ಸೊಸೈಟಿಗೆ, ಶಾಲೆಗೆ ಎಂದು ಮೂರು ನಾಲ್ಕು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಆಯಿಲ್ ಪೂರ್ತಿ ಕಾಯುವುದೇ ಇಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಅದರಲ್ಲಿ ಒಂದಿಷ್ಟು ಪಿಸ್ಟನ್ ರಿಂಗ್ ದಾಟಿ ಚೇಂಬರ್‌ಗೆ (ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿಗೆ) ಇಳಿಯುತ್ತದೆ. ಆಯಿಲ್ ಚೆನ್ನಾಗಿ ಕಾದರೆ ಆ ನೀರು, ಜೊತೆಗಿಳಿದ ಉರಿಯದ ಇಂಧನ ಎರಡೂ ಆವಿಯಾಗಿ ಹೋಗುತ್ತವೆ. ಕಾಯದಿದ್ದರೆ ಅಲ್ಲೇ ಉಳಿದು ಆಮ್ಲವಾಗಿ, ಜಿಡ್ಡಾಗಿ ಕೂರುತ್ತವೆ. ಬೇಸಿಗೆಯಲ್ಲಿ ಕೆಮ್ಮಣ್ಣಿನ ಧೂಳು ಸೇರಿದರೆ ಆಯಿಲ್ ಸಾಣೆ ಹಿಡಿಯುವ ಪುಡಿಯಂತೆ ಕೆಲಸ ಮಾಡುತ್ತದೆ. ಅದಕ್ಕೇ ಏರ್ ಫಿಲ್ಟರ್ ಕಡೆಗೂ ಗಮನ ಬೇಕು.

ವರ್ಷಕ್ಕೆ 5,000 ಕಿ.ಮೀ. ಕೂಡ ಓಡದ ಗಾಡಿಯಾದರೆ, ವರ್ಷಕ್ಕೆ ಒಂದೇ ಬಾರಿ ಆಯಿಲ್ ಬದಲಾಯಿಸುವವರಾದರೆ, ಅದನ್ನು ಮಳೆಗಾಲ ಮುಗಿದ ಮೇಲೆ, ದೀಪಾವಳಿಯ ಆಸುಪಾಸಿನಲ್ಲಿ ಮಾಡಿಸಿ. ಮೇ ತಿಂಗಳಲ್ಲಿ ಹೊಸ ಆಯಿಲ್ ಹಾಕಿಸಿ ಅದಕ್ಕೆ ನಾಲ್ಕು ತಿಂಗಳ ತೇವ ಕುಡಿಸಿ, ಅದನ್ನೇ ಮುಂದಿನ ಮೇ ತನಕ ಇಟ್ಟುಕೊಳ್ಳುವುದು ಒಳ್ಳೆಯ ಲೆಕ್ಕವಲ್ಲ. ವಾರಂಟಿ ಇರುವವರು ಮಾತ್ರ ಕಂಪನಿಯ ಗಡುವು ಮೀರದಂತೆ ನೋಡಿಕೊಳ್ಳಬೇಕು. ಗಡುವಿಗಿಂತ ಮೊದಲೇ ಮಾಡಿಸಿದರೆ ತೊಂದರೆಯಿಲ್ಲ.

ಇಲ್ಲಿ ಚಳಿ, ಮಳೆ ಜಾಸ್ತಿ. ಬೇರೆ ಗ್ರೇಡ್ ಆಯಿಲ್ ಹಾಕಬೇಕೇ?

ಬೇಡ. 5ಡಬ್ಲ್ಯೂ-30 ಎನ್ನುವುದರಲ್ಲಿ ಡಬ್ಲ್ಯೂಗಿಂತ ಮೊದಲಿರುವ ಅಂಕಿ ಹಿಮ ಬೀಳುವ ದೇಶದ ಚಳಿಗೆ ಸಂಬಂಧಿಸಿದ್ದು. ಆಗುಂಬೆಯ ಡಿಸೆಂಬರ್ ಬೆಳಗಿನ ಚಳಿ ಅದರ ಲೆಕ್ಕಕ್ಕೇ ಬರುವುದಿಲ್ಲ. ಎರಡನೆಯ ಅಂಕಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಯಿಲ್ ಎಷ್ಟು ಮಂದ ಎಂಬುದನ್ನು ಹೇಳುತ್ತದೆ. ಪುಸ್ತಕದಲ್ಲಿ 0ಡಬ್ಲ್ಯೂ-20 ಎಂದಿದ್ದರೆ ಅದನ್ನೇ ಹಾಕಿಸಿ. "ಘಾಟಿ ಹತ್ತುವ ಗಾಡಿ, ಸ್ವಲ್ಪ ದಪ್ಪ ಆಯಿಲ್ ಇರಲಿ" ಎನ್ನುವ ಸಲಹೆ ಹಳೇ ಎಂಜಿನ್‌ಗಳ ಕಾಲದ್ದು. ಈಗಿನ ಎಂಜಿನ್‌ಗಳ ಬೇರಿಂಗ್ ಸಂದು, ಆಯಿಲ್ ಪಂಪ್ ಎಲ್ಲ ತೆಳು ಆಯಿಲ್‌ಗೇ ಅಳತೆಯಾಗಿ ಬಂದಿರುತ್ತವೆ.

ಗ್ರೇಡ್ ಸರಿಯಿದ್ದು ಜಾತಿ ತಪ್ಪುವುದೇ ಹೆಚ್ಚಿನ ಅಪಾಯ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್6 ಡೀಸೆಲ್ ಗಾಡಿಗೆ ಕಡಿಮೆ ಬೂದಿಯ ಆಯಿಲ್ಲೇ ಬೇಕು. ಅಂಥ ಡಬ್ಬಿಯ ಮೇಲೆ ಎಸಿಇಎ ಸಿ2, ಸಿ3 ಥರದ ಗುರುತು ಇರುತ್ತದೆ. ಮಾಮೂಲಿ ಡೀಸೆಲ್ ಆಯಿಲ್ ಹಾಕಿದರೆ ಅದರ ಬೂದಿ ಡಿಪಿಎಫ್‌ನಲ್ಲಿ ಕೂತುಬಿಡುತ್ತದೆ, ಆ ಬೂದಿ ಉರಿದು ಹೋಗುವಂಥದ್ದಲ್ಲ. ಗೇರ್ ಬೈಕ್‌ಗೆ ಕಾರಿನ ಆಯಿಲ್ ಹಾಕಬಾರದು, ಕ್ಲಚ್ ಜಾರುತ್ತದೆ. ಅದಕ್ಕೆ ಜಾಸೋ ಎಂಎ ಅಥವಾ ಎಂಎ2 ಗುರುತಿನದ್ದೇ ಆಗಬೇಕು.

ಆಯಿಲ್ ಕ್ಯಾಪ್ ತೆಗೆದರೆ ಒಳಗೆ ಬೆಣ್ಣೆ ಹಾಗೆ ಬೆಳ್ಳಗೆ ಅಂಟಿದೆ. ಶೋರೂಂನಲ್ಲಿ ಹೆಡ್ ಗ್ಯಾಸ್ಕೆಟ್ (ಎಂಜಿನ್ ತಲೆಭಾಗದ ಸೀಲ್) ಹೋಗಿದೆ ಅನ್ನುತ್ತಾರೆ.

ಆತುರಪಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹತ್ತಿರದ ಓಡಾಟದ ಗಾಡಿಗಳಲ್ಲಿ ಇದು ಸಾಮಾನ್ಯ. ಮೇಲೆ ಹೇಳಿದ ನೀರಾವಿ ಎಂಜಿನ್‌ನ ತಣ್ಣಗಿನ ಜಾಗವಾದ ಕ್ಯಾಪ್‌ಗೆ ತಾಗಿ, ಆಯಿಲ್ ಜೊತೆ ಕಡೆದು ಹೀಗಾಗುತ್ತದೆ. ಮೊದಲು ಆಯಿಲ್ ಮಟ್ಟ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಎಳೆದು ನೋಡಿ. ಕಡ್ಡಿಯ ತುದಿಯಲ್ಲಿ ಆಯಿಲ್ ಸ್ವಚ್ಛ ಕಂದು ಬಣ್ಣವಿದ್ದು, ಕೂಲೆಂಟ್ ಡಬ್ಬಿಯ ಮಟ್ಟ ಹದಿನೈದು ದಿನದಲ್ಲಿ ಇಳಿಯದೆ ನಿಂತಿದ್ದು, ಎಂಜಿನ್ ಕಾದ ಮೇಲೂ ಬಿಳಿ ಹೊಗೆ ಬರದಿದ್ದರೆ ಅದು ಬರೀ ತೇವ. ಕ್ಯಾಪ್ ಒರೆಸಿ, ಒಂದು ಸಲ 30–40 ಕಿ.ಮೀ. ನಿಲ್ಲಿಸದೆ ಓಡಿಸಿ. ಬಹುಪಾಲು ಹೋಗುತ್ತದೆ.

ಕಡ್ಡಿಯ ಮೇಲೂ ಚಹಾದ ಬಣ್ಣ ಬಂದು, ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಮಾತು ಬೇರೆ, ಗಾಡಿ ಓಡಿಸಬೇಡಿ. ಹೆಡ್ ಇಳಿಸಲು ಒಪ್ಪುವ ಮುಂಚೆ ಕೂಲಿಂಗ್ ವ್ಯವಸ್ಥೆಯ ಪ್ರೆಷರ್ ಟೆಸ್ಟ್, ಸಿಲಿಂಡರ್ ಲೀಕ್ ಟೆಸ್ಟ್ ಮಾಡಿ ಫಲಿತಾಂಶವನ್ನು ಜಾಬ್ ಕಾರ್ಡ್‌ನಲ್ಲಿ (ಮಾಡಬೇಕಾದ ಕೆಲಸ ಬರೆಯುವ ಕಾಗದದಲ್ಲಿ) ಬರೆದುಕೊಡಲು ಹೇಳಿ. ಬರೀ ಕ್ಯಾಪ್ ನೋಡಿ ಹೆಡ್ ಬಿಚ್ಚುವುದನ್ನು ಒಪ್ಪಬೇಡಿ.

ಡೀಸೆಲ್ ಗಾಡಿ. ಆಯಿಲ್ ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತಿದೆ!

ಡಿಪಿಎಫ್‌ನ ಮಸಿ ಸುಡಲು ಎಂಜಿನ್ ಆಗಾಗ ಹೆಚ್ಚುವರಿ ಡೀಸೆಲ್ ಚಿಮ್ಮುತ್ತದೆ. ಈ ಸುಡುವ ಕೆಲಸ ಮುಗಿಯುವ ಮುನ್ನ ನೀವು ಗಾಡಿ ಆಫ್ ಮಾಡಿದರೆ, ಮತ್ತೆ ಮತ್ತೆ ಹಾಗೇ ಆದರೆ, ಉರಿಯದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಜಾರಿ ಚೇಂಬರ್ ಸೇರುತ್ತದೆ. ಮಟ್ಟ ಏರುತ್ತದೆ, ಆಯಿಲ್ ತೆಳುವಾಗುತ್ತದೆ. ಮಟ್ಟ ಕಡ್ಡಿಯ ಎಫ್ (ಫುಲ್) ಗೆರೆ ದಾಟಿ ಕಡ್ಡಿಯಲ್ಲಿ ಡೀಸೆಲ್ ವಾಸನೆ ಬಂದರೆ ಕಿಲೋಮೀಟರ್ ಎಷ್ಟಾಗಿದೆ ಎಂದು ನೋಡದೆ ಆಯಿಲ್ ಬದಲಾಯಿಸಿ. ಆಮೇಲೆ ವಾರಕ್ಕೊಮ್ಮೆಯಾದರೂ 60 ಕಿ.ಮೀ.ಗಿಂತ ಹೆಚ್ಚಿನ ವೇಗದಲ್ಲಿ 20 ನಿಮಿಷ ಬಿಡದೆ ಓಡಿಸಬೇಕು. ತೋಟದ ದಾರಿಯಲ್ಲಿ ಅದು ಆಗದ ಮಾತು, ಹೆದ್ದಾರಿಗೇ ಹೋಗಬೇಕು. ದಿನಕ್ಕೆ ಐದಾರು ಕಿಲೋಮೀಟರ್ ಮಾತ್ರ ಓಡಿಸುವವರು ಬಿಎಸ್6 ಡೀಸೆಲ್ ಕೊಳ್ಳುವ ಮುನ್ನವೇ ಇದನ್ನು ಯೋಚಿಸಬೇಕು.

ಹಳ್ಳ ದಾಟುವಾಗ ನೀರಲ್ಲಿ ಗಾಡಿ ನಿಂತುಹೋಯಿತು. ಸ್ಟಾರ್ಟ್ ಮಾಡಿ ನೋಡಬಹುದೇ?

ಖಂಡಿತ ಬೇಡ. ಏರ್ ಫಿಲ್ಟರ್ ದಾರಿಯಲ್ಲಿ ನೀರು ಸಿಲಿಂಡರ್ ಸೇರಿದ್ದರೆ ಒಂದೇ ಸೆಲ್ಫ್‌ಗೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ತಳ್ಳಿಸಿ ಹೊರಗೆ ತೆಗೆದು, ಟೋ ಮಾಡಿಸಿ. ಇನ್ನೊಂದು ವಿಷಯ: ಎಂಜಿನ್ ಪ್ರೊಟೆಕ್ಷನ್ ಎಂಬ ಹೆಚ್ಚುವರಿ ಕವರ್ ಇಲ್ಲದ ಮಾಮೂಲಿ ವಿಮೆಯಲ್ಲಿ ಇಂಥ ಎಂಜಿನ್ ನಷ್ಟಕ್ಕೆ ಹಣ ಸಿಗುವುದು ಕಷ್ಟ. ಜಂಬಿಟ್ಟಿಗೆ ಕಲ್ಲಿಗೆ ಚೇಂಬರ್ ಹೊಡೆದರೂ ಹಾಗೇ. ಒಡೆದ ಚೇಂಬರ್‌ಗೆ ವಿಮೆ ಬರುತ್ತದೆ. ಆಯಿಲ್ ಸೋರುತ್ತಿದ್ದರೂ ಮನೆ ತನಕ ಓಡಿಸಿ ಎಂಜಿನ್ ಹಿಡಿದರೆ ಆ ಎಂಜಿನ್‌ಗೆ ಬರುವುದಿಲ್ಲ. ಹೊಡೆದ ಜಾಗದಲ್ಲೇ ನಿಲ್ಲಿಸಿ ಫೋಟೊ ತೆಗೆಯಿರಿ.

ಸರ್ವಿಸ್‌ಗೆ ಬಿಡುವಾಗ ಜಾಬ್ ಕಾರ್ಡ್‌ನಲ್ಲಿ ಏನೇನು ಬರೆಸಬೇಕು?

ಸರ್ವಿಸ್ ಅಡ್ವೈಸರ್ ಬಾಯಲ್ಲಿ "ಆಯ್ತು ಸರ್" ಅಂದದ್ದು ಕೆಲಸ ಮಾಡುವ ಹುಡುಗನ ಕಿವಿಗೆ ತಲುಪುವುದಿಲ್ಲ. ಅವನ ಕೈಯಲ್ಲಿರುವುದು ಜಾಬ್ ಕಾರ್ಡ್ ಮಾತ್ರ. ಹಾಗಾಗಿ ಹೇಳಿದ್ದೆಲ್ಲ ಅದರಲ್ಲೇ ಬರಲಿ: ಆಯಿಲ್‌ನ ಗ್ರೇಡ್ ಮತ್ತು ಗುರುತು, ಎಷ್ಟು ಲೀಟರ್, ಫಿಲ್ಟರ್ ಹೊಸದು, ಡ್ರೈನ್ ಬೋಲ್ಟ್‌ನ ವಾಷರ್ ಹೊಸದು, ಹಳೇ ಫಿಲ್ಟರ್ ಮತ್ತು ವಾಷರ್ ವಾಪಸ್. ಕೊನೆಯಲ್ಲಿ "ಅಂದಾಜಿಗಿಂತ ಹೆಚ್ಚಿನ ಕೆಲಸ ಫೋನ್ ಮಾಡಿ ಕೇಳದೆ ಮಾಡಬಾರದು" ಎಂಬ ಸಾಲು. ಓಡೋಮೀಟರ್‌ನ ಅಂಕಿ ಸರಿಯಾಗಿ ಬರೆದಿದ್ದಾರೆಯೇ ನೋಡಿ, ಕಾರ್ಡ್‌ನ ಫೋಟೊ ತೆಗೆದುಕೊಳ್ಳಿ.

ಹೀಗೆ ಕೇಳಲು ಸಂಕೋಚ ಬೇಡ. "ಸರ್, ನಮ್ಮೂರು ಎಪ್ಪತ್ತು ಕಿಲೋಮೀಟರ್ ದೂರ. ಏನಾದ್ರೂ ಬಿಟ್ಟುಹೋದ್ರೆ ಮತ್ತೆ ಬರೋಕೆ ಒಂದು ದಿನ ಹೋಗುತ್ತೆ. ಬರೆದುಬಿಡಿ" ಎಂದು ಸಮಾಧಾನವಾಗಿ ಹೇಳಿದರೆ ಯಾರೂ ಬೇಸರಪಡುವುದಿಲ್ಲ.

ಎಂಜಿನ್ ಫ್ಲಶ್, ಡೀಕಾರ್ಬನೈಸಿಂಗ್, ಆಯಿಲ್‌ಗೆ ಹಾಕುವ ಟ್ರೀಟ್‌ಮೆಂಟ್ ಬೇಕೇ?

ಕಂಪನಿಯ ಸರ್ವಿಸ್ ಪಟ್ಟಿಯಲ್ಲಿ ಇದ್ದರೆ ಬೇಕು, ಇಲ್ಲದಿದ್ದರೆ ಬೇಡ. ಸಮಯಕ್ಕೆ ಸರಿಯಾಗಿ ಆಯಿಲ್ ಬದಲಾಯಿಸಿದ ಎಂಜಿನ್‌ಗೆ ಫ್ಲಶ್‌ನ ಅಗತ್ಯವಿಲ್ಲ. ಆಯಿಲ್ ಡಬ್ಬಿಯಲ್ಲೇ ಬೇಕಾದ ರಾಸಾಯನಿಕಗಳು ಅಳತೆಯಂತೆ ಸೇರಿರುತ್ತವೆ.

ಫ್ರೀ ಸರ್ವಿಸ್ ಅಂದರೆ ಕೂಲಿ ಮಾತ್ರ ಫ್ರೀ. ಆಯಿಲ್, ಫಿಲ್ಟರ್, ವಾಷರ್‌ಗೆ ದುಡ್ಡು ಕೊಡಬೇಕಾಗುತ್ತದೆ. ಅದು ಮೋಸವಲ್ಲ.

ಬಿಲ್‌ನಲ್ಲಿ ಆಯಿಲ್ 4 ಲೀಟರ್ ಅಂತ ಇದೆ. ನನ್ನ ಎಂಜಿನ್‌ಗೆ ಹಿಡಿಯುವುದೇ ಮೂರು ಚಿಲ್ಲರೆ.

ಪುಸ್ತಕದಲ್ಲಿ "ಫಿಲ್ಟರ್ ಸಮೇತ" ಎಂಬ ಅಳತೆ ನೋಡಿ. 1.2 ಲೀಟರ್‌ನ ಸಣ್ಣ ಪೆಟ್ರೋಲ್ ಎಂಜಿನ್‌ಗಳಿಗೆ ಸಾಮಾನ್ಯವಾಗಿ 3ರಿಂದ 3.6 ಲೀಟರ್, 2.2 ಲೀಟರ್‌ನ ದೊಡ್ಡ ಡೀಸೆಲ್ ಎಂಜಿನ್‌ಗಳಿಗೆ 6 ಲೀಟರ್‌ನ ಆಸುಪಾಸು ಬೇಕಾಗುತ್ತದೆ. ಬ್ಯಾರಲ್‌ನಿಂದ ಗನ್ ಮೂಲಕ ತುಂಬುವ ಕಡೆ 3.1 ಎಂದರೆ 3.1ಕ್ಕೇ ಬಿಲ್ ಆಗಬೇಕು. ಡಬ್ಬಿ ಒಡೆದು ಹಾಕಿದ್ದರೆ ಪೂರ್ತಿ ಡಬ್ಬಿಗೆ ಬಿಲ್ ಬರುವುದುಂಟು, ಆಗ ಉಳಿದ ಆಯಿಲ್ ಡಬ್ಬಿ ಸಮೇತ ನಿಮ್ಮದು. ಕೇಳಿ ಪಡೆಯಿರಿ, ಡಿಕ್ಕಿಯಲ್ಲಿದ್ದರೆ ಟಾಪ್‌ಅಪ್‌ಗೆ ಆಗುತ್ತದೆ. ಬಿಲ್‌ನಲ್ಲಿ ನಾಲ್ಕು ಲೀಟರ್ ಇದ್ದು ನಿಜವಾಗಿಯೂ ನಾಲ್ಕನ್ನೂ ಎಂಜಿನ್‌ಗೇ ಸುರಿದಿದ್ದರೆ ಅದು ದುಡ್ಡಿನ ನಷ್ಟಕ್ಕಿಂತ ಕೆಟ್ಟದ್ದು, ಮುಂದೆ ನೋಡಿ.

ಆಯಿಲ್ ನಿಜವಾಗಿಯೂ ಬದಲಾಯಿಸಿದ್ದಾರೆ ಎಂದು ತಿಳಿಯುವುದು ಹೇಗೆ?

ಪೆಟ್ರೋಲ್ ಗಾಡಿಯಲ್ಲಿ ಸುಲಭ: ಹೊಸ ಆಯಿಲ್ ಕಡ್ಡಿಯ ಮೇಲೆ ಜೇನಿನ ಬಣ್ಣದಲ್ಲಿ ಪಾರದರ್ಶಕವಾಗಿರುತ್ತದೆ. ಡೀಸೆಲ್‌ನಲ್ಲಿ ಬಣ್ಣ ನಂಬಬೇಡಿ, ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಕ್ಕೆ ಒಳಗಿನ ಮಸಿಯಿಂದ ಕಪ್ಪಾಗುತ್ತದೆ. ಫಿಲ್ಟರ್ ಕೈಗೆಟಕುವಂತಿದ್ದರೆ ಬಿಡುವ ಮುನ್ನ ಅದರ ಮೇಲೆ ಪೇಂಟ್ ಮಾರ್ಕರ್‌ನಿಂದ ಸಣ್ಣ ಗೆರೆ ಎಳೆದು ಫೋಟೊ ತೆಗೆಯಿರಿ. ವಾಪಸ್ ಬಂದಾಗ ಗೆರೆ ಅಲ್ಲೇ ಇದ್ದರೆ ಫಿಲ್ಟರ್ ಬದಲಾಗಿಲ್ಲ. ಬಹಳ ಕಡೆ ಈಗ ಗಾಜಿನಾಚೆಯಿಂದ ನೋಡಲು ಬಿಡುತ್ತಾರೆ, ಆಯಿಲ್ ಇಳಿಸುವ ಹೊತ್ತಿಗೆ ಕರೆಯಿರಿ ಎಂದು ಹೇಳಿಟ್ಟಿರಿ.

ಗೇಟ್ ದಾಟುವ ಮೊದಲು ಏನು ನೋಡಬೇಕು?

ಐದು ನಿಮಿಷದ ಕೆಲಸ, ಆದರೆ ಈ ಪುಟದಲ್ಲಿ ಇದಕ್ಕಿಂತ ಮುಖ್ಯವಾದದ್ದಿಲ್ಲ. ಗಾಡಿಯನ್ನು ಸಮತಟ್ಟಾದ ಕಡೆ ನಿಲ್ಲಿಸಿ, ಆಫ್ ಮಾಡಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಮಟ್ಟ ಎಲ್ (ಲೋ) ಮತ್ತು ಎಫ್ ನಡುವೆ, ಎಫ್‌ಗೆ ಹತ್ತಿರ ಇರಬೇಕು. ಆಯಿಲ್ ಕ್ಯಾಪ್ ಕೈಯಲ್ಲಿ ತಿರುಗಿಸಿ ಬಿಗಿಯಿದೆಯೇ ನೋಡಿ. ಬೋನೆಟ್ ಒಳಗೆ ಬಟ್ಟೆ, ಪಾನ (ಸ್ಪ್ಯಾನರ್) ಉಳಿದಿದೆಯೇ ನೋಡಿ. ಸ್ಟಾರ್ಟ್ ಮಾಡಿದಾಗ ಕೆಂಪು ಆಯಿಲ್ ದೀಪ ಎರಡು ಮೂರು ಸೆಕೆಂಡಿನಲ್ಲಿ ಆರಬೇಕು. ಎರಡು ನಿಮಿಷ ಚಾಲೂ ಇಟ್ಟು ಅಡಿಯಲ್ಲಿ ಹಾಳೆ ಹಾಸಿ ಹನಿ ಬೀಳುತ್ತದೆಯೇ ಗಮನಿಸಿ. ಅಡಿಯ ಪ್ಲಾಸ್ಟಿಕ್ ಕವರ್‌ನ ಕ್ಲಿಪ್‌ಗಳನ್ನು ಕೈಯಿಂದ ತಟ್ಟಿ ನೋಡಿ, ಅರ್ಧ ಕ್ಲಿಪ್ ಬಿಟ್ಟಿದ್ದರೆ ಮೊದಲ ಗುಂಡಿಯಲ್ಲೇ ಜೋತಾಡುತ್ತದೆ. ಇದೆಲ್ಲ ಆದ ಮೇಲೆ "ತೃಪ್ತಿಯಾಗಿದೆ" ಎಂಬ ಕಾಗದಕ್ಕೆ ಸಹಿ ಹಾಕಿ, ಮೊದಲಲ್ಲ.

ತೀರ್ಥಹಳ್ಳಿ ಕಡೆ ಹೋಗುವವರು ಗಾಜನೂರಿನಲ್ಲಿ, ಸಾಗರ–ಹೊಸನಗರದ ಕಡೆಯವರು ಆಯನೂರಿನಲ್ಲಿ ಒಮ್ಮೆ ನಿಲ್ಲಿಸಿ ಅಡಿಗೆ ಬಗ್ಗಿ ನೋಡಿ. ಬಿಸಿ ಮತ್ತು ಒತ್ತಡ ಏರಿದ ಮೇಲೆಯೇ ಸೋರಿಕೆ ಕಾಣುವುದು. ಅಲ್ಲಿಂದ ವಾಪಸ್ ಹೋಗುವುದು ಇನ್ನೂ ಹತ್ತಿರ.

ಮನೆಗೆ ಬಂದ ಮೇಲೆ ಅಂಗಳದಲ್ಲಿ ಆಯಿಲ್ ಹನಿ ಬಿದ್ದಿದೆ.

ಫಿಲ್ಟರ್ ಬಿಚ್ಚುವಾಗ ಚೆಲ್ಲಿದ ಆಯಿಲ್ ಒರೆಸದೆ ಬಿಟ್ಟಿದ್ದರೆ ಒಂದೆರಡು ದಿನ ಹನಿಯುತ್ತದೆ, ಸುಟ್ಟ ವಾಸನೆಯೂ ಬರುತ್ತದೆ. ಒರೆಸಿ ಮರುದಿನ ನೋಡಿ. ಮತ್ತೆ ಒದ್ದೆಯಾದರೆ ಕಾರಣ ಮೂರರಲ್ಲೊಂದು. ತಾಮ್ರದ ಅಥವಾ ಅಲ್ಯೂಮಿನಿಯಂ ವಾಷರ್ ಬದಲಾಯಿಸಿಲ್ಲ: ಅದು ಒಮ್ಮೆ ಜಜ್ಜಿ ಕೂತರೆ ಮತ್ತೆ ಸರಿಯಾಗಿ ಕೂರುವುದಿಲ್ಲ. ಇಲ್ಲವೇ ಬೋಲ್ಟ್ ಸಡಿಲವಾಗಿದೆ. ಮೂರನೆಯದು ಎಲ್ಲಕ್ಕಿಂತ ಅಪಾಯದ್ದು: ಹಳೇ ಫಿಲ್ಟರ್‌ನ ರಬ್ಬರ್ ಉಂಗುರ ಎಂಜಿನ್‌ಗೇ ಅಂಟಿಕೊಂಡು, ಅದರ ಮೇಲೆ ಹೊಸ ಫಿಲ್ಟರ್ ಕೂರಿಸಿರುವುದು. ಎರಡು ರಬ್ಬರ್ ಒಂದರ ಮೇಲೊಂದು ಕೆಲಕಾಲ ತಡೆದು, ಘಾಟಿಯಲ್ಲಿ ಎಂಜಿನ್ ವೇಗ ಏರಿದಾಗ ಒಮ್ಮೆಲೇ ಸರಿದರೆ ನಿಮಿಷದೊಳಗೆ ಚೇಂಬರ್ ಖಾಲಿ. ಫಿಲ್ಟರ್ ಕಡೆಯಿಂದ ಸೋರುತ್ತಿದ್ದರೆ ಶಿವಮೊಗ್ಗದ ತನಕ ಓಡಿಸಬೇಡಿ. ಕಂಪನಿಯ ರೋಡ್‌ಸೈಡ್ ಅಸಿಸ್ಟೆನ್ಸ್‌ಗೆ ಫೋನ್ ಮಾಡಿ.

ಮಟ್ಟ ಎಫ್ ಗೆರೆಗಿಂತ ಮೇಲಿದೆ. ಜಾಸ್ತಿ ಇದ್ದರೆ ಒಳ್ಳೆಯದಲ್ಲವೇ?

ಅಲ್ಲ. ಮೊದಲು ಗಾಡಿ ನಿಂತ ನೆಲ ನೋಡಿ. ಮಲೆನಾಡಿನ ಎಷ್ಟೋ ಅಂಗಳಗಳು ಇಳಿಜಾರು, ಓರೆಯಲ್ಲಿ ಅಳೆದರೆ ಅರ್ಧ ಲೀಟರ್ ವ್ಯತ್ಯಾಸ ತೋರಿಸಬಹುದು. ಸಮತಟ್ಟಿನಲ್ಲೂ ಎಫ್‌ಗಿಂತ ಐದಾರು ಮಿಲಿಮೀಟರ್ ಮೇಲಿದ್ದರೆ ತೆಗೆಸಬೇಕು. ಕ್ರ್ಯಾಂಕ್ ಆ ಆಯಿಲ್ ಅನ್ನು ಬಡಿದು ನೊರೆ ಮಾಡುತ್ತದೆ, ನೊರೆಯಿಂದ ಬೇರಿಂಗ್‌ಗೆ ರಕ್ಷಣೆ ಸಿಗುವುದಿಲ್ಲ. ಡೀಸೆಲ್ ಟರ್ಬೊ ಗಾಡಿಯಲ್ಲಿ ಆ ಆಯಿಲ್ ಗಾಳಿಯ ದಾರಿ ಸೇರಿ ಅದನ್ನೇ ಸುಡುತ್ತಾ ಎಂಜಿನ್ ಹತೋಟಿ ತಪ್ಪಿ ಓಡುವ ಅಪಾಯವೂ ಇದೆ. ಡಿಪ್‌ಸ್ಟಿಕ್ ಕೊಳವೆಯೊಳಗೆ ತೆಳು ಪೈಪ್ ಇಳಿಸಿ ದೊಡ್ಡ ಸಿರಿಂಜಿನಿಂದ ಎಳೆದು ತೆಗೆಯಬಹುದು. ಎಲ್ ಗೆರೆಯಿಂದ ಎಫ್ ಗೆರೆಯವರೆಗೆ ಬಹಳ ಕಾರುಗಳಲ್ಲಿ ಸುಮಾರು ಒಂದು ಲೀಟರ್ ಎಂಬ ಅಂದಾಜಿರಲಿ.

ಡ್ರೈನ್ ಬೋಲ್ಟ್‌ನ ಮರೆ (ಥ್ರೆಡ್) ಹೋಗಿದೆ, ಚೇಂಬರ್ ಬದಲಾಯಿಸಬೇಕು, ದುಡ್ಡು ನೀವೇ ಕೊಡಿ ಅನ್ನುತ್ತಾರೆ.

ಅಲ್ಯೂಮಿನಿಯಂ ಚೇಂಬರ್‌ಗೆ ಗಾಳಿ ಗನ್‌ನಿಂದ ಬೋಲ್ಟ್ ಬಿಗಿದರೆ ಹೀಗಾಗುತ್ತದೆ. ಬಹಳ ಸಣ್ಣ ಕಾರುಗಳಲ್ಲಿ ಈ ಬೋಲ್ಟ್‌ಗೆ ಬೇಕಾದದ್ದು 35–40 ನ್ಯೂಟನ್ ಮೀಟರ್. ಒಂದಡಿ ಉದ್ದದ ಸ್ಪ್ಯಾನರ್‌ನ ತುದಿಯನ್ನು 12 ಕೆ.ಜಿ.ಯಷ್ಟು ಬಲದಿಂದ ಒತ್ತಿದಷ್ಟು, ಅಷ್ಟೇ. ಗಾಡಿಯನ್ನು ಮೊದಲಿನಿಂದ ಅದೇ ಶೋರೂಂನಲ್ಲಿ ಸರ್ವಿಸ್ ಮಾಡಿಸಿದ್ದರೆ ಆ ಬೋಲ್ಟ್ ಮುಟ್ಟಿದವರು ಅವರೇ. ಹಳೇ ಬಿಲ್‌ಗಳನ್ನೆಲ್ಲ ಮುಂದಿಟ್ಟು, ಅವರ ಖರ್ಚಿನಲ್ಲೇ ಸರಿಮಾಡಿಕೊಡಲು ವರ್ಕ್ಸ್ ಮ್ಯಾನೇಜರ್‌ಗೆ ಬರವಣಿಗೆಯಲ್ಲಿ ಕೇಳಿ. ನಡುವೆ ಹೊರಗಡೆ ಮಾಡಿಸಿದ್ದರೆ ವಾದ ದುರ್ಬಲ. ಆಗ ಹೆಲಿಕಾಯಿಲ್ ಎಂಬ ತಂತಿ ಸುರುಳಿ ಹಾಕಿಸಿ ಮರೆ ಕಟ್ಟಿಸಬಹುದು, ಸರಿಯಾಗಿ ಮಾಡಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಟೆಫ್ಲಾನ್ ಟೇಪ್ ಸುತ್ತಿ, ಎಂಸೀಲ್ ಮೆತ್ತಿ ಕಳಿಸುವುದನ್ನು ಒಪ್ಪಬೇಡಿ.

ಆಗುಂಬೆ ಘಾಟಿಯ ತಿರುವಿನಲ್ಲಿ ಕೆಂಪು ಆಯಿಲ್ ದೀಪ ಮಿನುಗಿ ಆರಿತು.

ಬಹುಶಃ ಆಯಿಲ್ ಕಡಿಮೆಯಿದೆ. ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದಾಗ ಪಂಪ್‌ನ ಬಾಯಿ ಗಾಳಿ ಎಳೆದಿರುತ್ತದೆ. ಮುಂದಿನ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಮಟ್ಟ ನೋಡಿ ಆಯಿಲ್ ಸೇರಿಸಿ. ಮಟ್ಟ ಸರಿಯಿದ್ದೂ ದೀಪ ಬಂದರೆ ಟೋ ಮಾಡಿಸಿ. ಹಳದಿ ಪಾನದ ಚಿತ್ರದ ದೀಪ ಬೇರೆ, ಅದು ಸರ್ವಿಸ್ ನೆನಪಿಸುವುದು. ಸರ್ವಿಸ್ ಆದ ಮೇಲೂ ಉಳಿದಿದ್ದರೆ ರೀಸೆಟ್ ಮಾಡಲು ಮರೆತಿದ್ದಾರೆ.

ಸರ್ವಿಸ್ ಆಗಿ 3,000 ಕಿ.ಮೀ.ಗೆ ಒಂದು ಲೀಟರ್ ಕಡಿಮೆ. "ನಾರ್ಮಲ್ ಸರ್" ಅನ್ನುತ್ತಾರೆ.

ಕೆಲವು ಕಂಪನಿಗಳು 1,000 ಕಿ.ಮೀ.ಗೆ ಒಂದು ಲೀಟರ್‌ವರೆಗೂ ಸಹಜ ಎಂದು ಪುಸ್ತಕದಲ್ಲೇ ಬರೆದುಕೊಂಡಿವೆ. ಬಾಯಿಮಾತಿನ ಜಗಳ ಬಿಟ್ಟು ಆಯಿಲ್ ಕನ್ಸಂಪ್ಷನ್ ಟೆಸ್ಟ್ ಕೇಳಿ. ಅವರೇ ಎಫ್‌ವರೆಗೆ ತುಂಬಿ, ಓಡೋಮೀಟರ್ ಬರೆದು, ಡ್ರೈನ್ ಬೋಲ್ಟ್ ಮತ್ತು ಕ್ಯಾಪ್‌ಗೆ ಗುರುತು ಹಾಕುತ್ತಾರೆ. 1,000 ಕಿ.ಮೀ. ನಂತರ ಅಳೆಯುತ್ತಾರೆ. ಎರಡೂ ಅಳತೆ ಕಾಗದದಲ್ಲಿ ಪಡೆಯಿರಿ. ವಾರಂಟಿ ಮುಗಿಯುವ ಮುಂಚೆಯೇ ಈ ದೂರು ದಾಖಲಾಗಿರಬೇಕು, ಅದೇ ಮುಖ್ಯ.

ಆಟೋ ಕಾಂಪ್ಲೆಕ್ಸ್‌ನ ಗ್ಯಾರೇಜ್‌ನಲ್ಲೋ ಮನೆಯಲ್ಲೋ ಬದಲಾಯಿಸಿದರೆ ವಾರಂಟಿ ಹೋಗುತ್ತದೆಯೇ?

ಹೊರಗಡೆ ಕೆಲಸ ಮಾಡಿಸಿದ ಮಾತ್ರಕ್ಕೆ ಪೂರ್ತಿ ವಾರಂಟಿ ರದ್ದು ಎನ್ನುವ ಷರತ್ತು ಸಲ್ಲದು ಎಂದು ಭಾರತೀಯ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳ ವಿರುದ್ಧದ ಆದೇಶದಲ್ಲಿ ಹೇಳಿತ್ತು. ಆ ಆದೇಶ ಮೇಲ್ಮನವಿಗೂ ಹೋಯಿತು. ನಿತ್ಯದ ವ್ಯವಹಾರದಲ್ಲಿ ಕಂಪನಿಗಳು ಸರ್ವಿಸ್ ದಾಖಲೆ ಕೇಳಿಯೇ ಕೇಳುತ್ತವೆ. ವಾರಂಟಿ ಇರುವ ತನಕ ಪಟ್ಟಿಯ ಸರ್ವಿಸ್ ಶೋರೂಂನಲ್ಲಿ, ನಡುವಿನ ಹೆಚ್ಚುವರಿ ಆಯಿಲ್ ಹೊರಗೆ ಎಂದು ಮಾಡಿಕೊಳ್ಳಿ, ಆಯಿಲ್ ಮತ್ತು ಫಿಲ್ಟರ್‌ನ ಜಿಎಸ್‌ಟಿ ಬಿಲ್ ಇಟ್ಟುಕೊಳ್ಳಿ.

ಮನೆಯಲ್ಲಿ ಮಾಡುವವರು ಎಂಜಿನ್ ಅನ್ನು ಹದವಾಗಿ ಬಿಸಿ ಮಾಡಿ, ಜ್ಯಾಕ್ ಒಂದರ ಮೇಲೆ ಗಾಡಿ ನಿಲ್ಲಿಸಿ ಅಡಿಗೆ ಹೋಗದೆ, ಸ್ಟ್ಯಾಂಡ್ ಕೊಟ್ಟೇ ಕೆಲಸ ಮಾಡಿ. ಹೊಸ ಫಿಲ್ಟರ್‌ನ ರಬ್ಬರ್‌ಗೆ ಹೊಸ ಆಯಿಲ್ ಸವರಿ, ರಬ್ಬರ್ ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು ತಿರುಗಿಸಿದರೆ ಸಾಕು. ಪುಸ್ತಕದ ಅಳತೆಗಿಂತ ಕಾಲು ಲೀಟರ್ ಕಡಿಮೆ ಸುರಿದು, ಒಂದು ನಿಮಿಷ ಸ್ಟಾರ್ಟ್ ಮಾಡಿ, ಆಫ್ ಮಾಡಿ ಐದು ನಿಮಿಷ ಬಿಟ್ಟು ಉಳಿದದ್ದನ್ನು ಮಟ್ಟ ನೋಡಿ ಹಾಕಿ.

ಶೋರೂಂನವರು ತಪ್ಪು ಒಪ್ಪುತ್ತಿಲ್ಲ. ಎಲ್ಲಿ ದೂರು ಕೊಡಬೇಕು?

ಮೊದಲು ವರ್ಕ್ಸ್ ಮ್ಯಾನೇಜರ್‌ಗೆ, ಜೊತೆಗೇ ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್: ಜಾಬ್ ಕಾರ್ಡ್ ನಂಬರ್, ಚಾಸಿ ನಂಬರ್, ಕಿಲೋಮೀಟರ್, ಏನಾಯಿತು, ಏನು ಬೇಕು, ಎಷ್ಟು ದಿನದಲ್ಲಿ. ಸಿಟ್ಟಿನ ಮಾತು ಬೇಡ. ಬಿಲ್ ಕಟ್ಟದೆ ಗಾಡಿ ಬಿಡುವುದಿಲ್ಲ ಎಂದರೆ "ಆಕ್ಷೇಪದೊಂದಿಗೆ ಪಾವತಿಸಿದ್ದೇನೆ" ಎಂದು ಅವರ ಪ್ರತಿಯಲ್ಲೂ ಬರೆದು ಕಟ್ಟಿ. ಬಿಲ್ಲೇ ಕೊಡದಿದ್ದರೆ ಅದೇ ಒಂದು ತಪ್ಪು: ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಅದನ್ನು ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ.

ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದೂ ಆಗದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು, ತೊಂದರೆಯಾದ 2 ವರ್ಷದೊಳಗೆ ಹಾಕಬೇಕು. ಶೋರೂಂ ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇದ್ದರೂ ನೀವಿರುವ ಜಿಲ್ಲೆಯಲ್ಲೇ ದೂರು ಹಾಕಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ಗಾಡಿ ಬಿಚ್ಚುವ ಮುಂಚಿನ ಫೋಟೊಗಳು ಮತ್ತು ಬೇರೆ ಮೆಕ್ಯಾನಿಕ್ ಸಹಿ ಹಾಕಿಕೊಟ್ಟ ವರದಿ ಇಲ್ಲದೆ ಹೋದರೆ ಕೇಸು ನಿಲ್ಲುವುದು ಕಷ್ಟ.

ಇಳಿಸಿದ ಹಳೇ ಆಯಿಲ್ ಏನು ಮಾಡುವುದು?

ಬೇಲಿ ಗೂಟಕ್ಕೆ ಗೆದ್ದಲು ಹಿಡಿಯದಿರಲಿ ಎಂದು ಬಳಿಯುವ ರೂಢಿ ನಮ್ಮಲ್ಲಿದೆ. ಮಳೆಗೆ ಅದು ತೊಳೆದು ತೋಟದ ಕಪ್ಪಿಗೆ (ಬಸಿಗಾಲುವೆಗೆ), ಬಾವಿಗೆ, ಹಳ್ಳಕ್ಕೆ ಇಳಿಯುತ್ತದೆ. ಬಳಸಿದ ಆಯಿಲ್‌ನಲ್ಲಿ ಲೋಹದ ಅಂಶ, ಮಸಿಯ ವಿಷ ಎರಡೂ ಇರುತ್ತವೆ, 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಖಾಲಿ ಆಯಿಲ್ ಡಬ್ಬಿಗೇ ತುಂಬಿ, ಮೇಲೆ "ಹಳೇ ಆಯಿಲ್" ಎಂದು ಬರೆದು, ಮರುಸಂಸ್ಕರಣೆಗೆ ಕೊಡುವ ಗ್ಯಾರೇಜ್ ಅಥವಾ ಸರ್ವಿಸ್ ಸೆಂಟರ್‌ಗೆ ಮುಂದಿನ ಸಲ ಹೋಗುವಾಗ ಒಯ್ಯಿರಿ. ಅದಕ್ಕೆ ಕೂಲೆಂಟ್, ನೀರು, ಡೀಸೆಲ್ ಬೆರೆಸಬೇಡಿ. ಬೆರೆತದ್ದನ್ನು ಮರುಸಂಸ್ಕರಿಸುವವರು ತೆಗೆದುಕೊಳ್ಳುವುದಿಲ್ಲ.